ಅಕ್ಕನ ಮಗಳು, ಅರಿಷಿಣ ಮತ್ತು ಖಾಜಿಯ ರಿಜಿಸ್ಟರ್

ವಿಜಯಪುರದ ಹಳೇ ಓಣಿಗಳಲ್ಲಿ ಹಿಂದೂ, ಮುಸ್ಲಿಂ ಎರಡೂ ಧರ್ಮದವರ ಮನೆಗಳು ಗೋಡೆಗೆ ಗೋಡೆ ಹಚ್ಚಿಕೊಂಡೇ ಇವೆ. ಒಂದು ಮನೆಯಲ್ಲಿ ಅಕ್ಕನ ಮಗಳನ್ನು ತಂದುಕೊಳ್ಳುವುದು ಸೋದರಮಾವನ ಹಕ್ಕು. ಪಕ್ಕದ ಮನೆಯಲ್ಲಿ ಅದೇ ಸಂಬಂಧ ಹರಾಮ್. ಯಾರನ್ನು ಮದುವೆಯಾಗಬಾರದು ಅಂತ ಕುರಾನಿನ 4ನೇ ಅಧ್ಯಾಯದ 23ನೇ ವಚನ ಹೇಳುತ್ತದಲ್ಲ, ಅದರಲ್ಲಿ ಅಕ್ಕ-ತಂಗಿಯರ ಮಗಳೂ ಇದ್ದಾಳೆ. ಚಿಕ್ಕಪ್ಪ-ದೊಡ್ಡಪ್ಪನ ಮಕ್ಕಳ ವಿಷಯ ತದ್ವಿರುದ್ಧ. ಮುಸ್ಲಿಂ ಮನೆಯವರಿಗೆ ಅದು ಮಾಮೂಲು, ಹಿಂದೂ ಮನೆಯವರಿಗೆ ‘ಶಿವಶಿವಾ, ಅಣ್ಣ-ತಂಗಿ ಆಗ್ತಾರಲ್ಲರೀ!’ ಇಷ್ಟಾದರೂ, ನಾನು ಕಂಡ ಎಷ್ಟೋ ಹಳ್ಳಿ ಮುಸ್ಲಿಂ ಮನೆಗಳಲ್ಲಿ ಹೆಣ್ಣು ಹುಡುಕುವಾಗ ಮೊದಲು ಬರುವುದು ಮಾವನ ಮಗಳ ಮಾತೇ. ಇಂಥ ಮಕ್ಕಳ ವಿಷಯದಲ್ಲಿ ಶರಿಯತ್ ಎಲ್ಲ ಬಾಗಿಲೂ ತೆರೆದಿಟ್ಟಿದೆ. ಯಾವ ಬಾಗಿಲಿಗೆ ಹೋಗಬೇಕು ಅಂತ ಹೇಳಿಕೊಟ್ಟಿದ್ದು ಈ ನೆಲ.

ಹೋದ ವರ್ಷ ಗೆಳೆಯನ ತಂಗಿಯ ನಿಕಾಹ್‌ಗೆ ಹೋಗಿದ್ದೆ. ಹಿಂದಿನ ದಿನ ಹುಡುಗಿಗೆ ಅರಿಷಿಣ ಹಚ್ಚಿದರು, ಹಸಿರು ಬಳೆ ತೊಡಿಸಿದರು. ಚಿಕ್ಕ ವಯಸ್ಸಿನ ನೆಂಟನೊಬ್ಬ ‘ಇದೆಲ್ಲ ದೀನ್‌ನಾಗ (ಧರ್ಮದಾಗ) ಇಲ್ಲ’ ಅಂತ ತಗಾದೆ ತೆಗೆದ. ಅವರಜ್ಜಿ ಅರಿಷಿಣದ ಕೈಯಲ್ಲೇ ಅವನ ಕಡೆ ತಿರುಗಿ, ‘ಬ್ಯಾಡ ಅಂತನೂ ಇಲ್ಲಲ್ಲೋ, ಸುಮ್ನಿರು’ ಅಂದರು.

ಅಜ್ಜಿಗೆ ಗೊತ್ತಿತ್ತೋ ಇಲ್ಲವೋ, ಅದು ಫಿಕ್ಹ್‌ನ, ಅಂದರೆ ಇಸ್ಲಾಮಿ ನ್ಯಾಯಶಾಸ್ತ್ರದ, ಹಳೇ ವಾದ. ಊರಿನ ರೂಢಿಗೆ ಇಸ್ಲಾಮಿ ಕಾನೂನಿನಲ್ಲಿ ‘ಉರ್ಫ್’ ಅಂತ ಹೆಸರಿದೆ. ಧರ್ಮಗ್ರಂಥದ ಮಾತಿಗೆ ಎದುರಾಗದಿದ್ದರೆ ಅದಕ್ಕೆ ಬೆಲೆ ಇದೆ. ‘ರೂಢಿಯೇ ತೀರ್ಪು ಕೊಡುತ್ತದೆ’ ಎಂಬ ಅರ್ಥದ ಸೂತ್ರವನ್ನು ತುರ್ಕಿಯ ಒಟ್ಟೋಮನ್ನರು 1869ರಿಂದ 1876ರ ನಡುವೆ ತಂದ ‘ಮೆಜೆಲ್ಲೆ’ ಸಂಹಿತೆಯಲ್ಲೂ ಸೇರಿಸಿದರು. ಅರಿಷಿಣವನ್ನು ಒಪ್ಪದ ಮೌಲ್ವಿಗಳೂ ಇದ್ದಾರೆ, ನಿಜ. ಆದರೆ ಅದೇ ಮದುವೆಯಲ್ಲಿ ಹುಡುಗನಿಗೆ ಬೈಕ್ ಕೊಟ್ಟರು. ತಗಾದೆ ತೆಗೆದ ಹುಡುಗ ಆಗ ಬಾಯಿ ಬಿಡಲಿಲ್ಲ. ಶರಿಯತ್ ಪ್ರಕಾರ ಕೊಡಬೇಕಾದವನು ಗಂಡು, ಅದೇ ಮೆಹರ್. ಇಸ್ಲಾಮಿ ಕಾನೂನಿನ ಪಂಥಗಳಲ್ಲೊಂದಾದ ಹನಫಿಯಲ್ಲಿ ಅದು 10 ದಿರ್ಹಮ್ ಬೆಳ್ಳಿಗಿಂತ ಕಡಿಮೆ ಇರುವಂತಿಲ್ಲ. ಖಾಜಿಯ ರಿಜಿಸ್ಟರಿನಲ್ಲಿ ಮೆಹರ್‌ಗೆ ಒಂದು ಕಾಲಂ ಇತ್ತು, ಹುಡುಗಿಯ ಪರವಾಗಿ ನಿಲ್ಲುವ ‘ವಕೀಲ’ನಿಗೆ ಒಂದು, ಇಬ್ಬರು ಸಾಕ್ಷಿಗಳಿಗೆ ಒಂದು. ಬೈಕಿಗೆ ಕಾಲಂ ಇರಲಿಲ್ಲ.

‘ಹೇಗೆ’ ಮದುವೆಯಾಗಬೇಕು ಎಂಬುದರಲ್ಲಿ ಇಷ್ಟು ಸಡಿಲ ಇದೆ. ‘ಯಾರನ್ನು’ ಎಂಬಲ್ಲಿ ಹಗ್ಗ ಬಿಗಿ. ಕುರಾನಿನ 2ನೇ ಅಧ್ಯಾಯದ 221ನೇ ವಚನ ಬಹುದೇವರನ್ನು ಪೂಜಿಸುವವರ ಜೊತೆ ಮದುವೆ ಬೇಡ ಅನ್ನುತ್ತದೆ. 5ನೇ ಅಧ್ಯಾಯದ 5ನೇ ವಚನ ಯಹೂದಿ, ಕ್ರೈಸ್ತ ಹೆಣ್ಣುಮಕ್ಕಳನ್ನು ಮುಸ್ಲಿಂ ಗಂಡಸು ಮದುವೆಯಾಗಬಹುದು ಅನ್ನುತ್ತದೆ. ಮುಸ್ಲಿಂ ಹೆಣ್ಣಿಗೆ ಆ ಅವಕಾಶವನ್ನು ಹಳೇ ಫಿಕ್ಹ್ ಪಂಡಿತರು ಯಾರೂ ಕೊಡಲಿಲ್ಲ. ಟುನೀಷಿಯಾ ಸರ್ಕಾರ 2017ರಲ್ಲಿ ಆ ತಡೆಯನ್ನು ತೆಗೆಯಿತು.

ಆದರೆ ಅರಮನೆಗಳ ಕತೆಯೇ ಬೇರೆ. ಆದಿಲ್‌ಶಾಹಿ ಮನೆತನ ಕಟ್ಟಿದ ಯೂಸುಫ್‌ನ ರಾಣಿ ಪೂಂಜಿ, ಮುಕುಂದರಾವ್ ಎಂಬ ಮರಾಠಾ ಸರದಾರನ ತಂಗಿ. ಮದುವೆಯಾದ ಮೇಲೆ ಆಕೆ ಬೂಬೂಜಿ ಖಾನಂ ಆದಳು, ಮುಂದಿನ ಸುಲ್ತಾನ ಇಸ್ಮಾಯಿಲ್‌ಗೆ ತಾಯಿಯಾದಳು. ಇದನ್ನು ಹೇಳಿದ ಇತಿಹಾಸಕಾರ ಫೆರಿಷ್ತಾ ಬರೆಯುತ್ತಿದ್ದುದೂ ವಿಜಯಪುರದಲ್ಲೇ, ಸುಲ್ತಾನ ಎರಡನೇ ಇಬ್ರಾಹಿಂನ ಆಶ್ರಯದಲ್ಲಿ. ಇನ್ನೊಬ್ಬಳು ನರ್ತಕಿ ರಂಭಾ. ಆಕೆಯ ಹೆಸರು ರಂಭಾ ಅಂತಲೇ ಉಳಿಯಿತು, ಗೋರಿ ಗೋಳಗುಮ್ಮಟದೊಳಗೆ ಮಹಮ್ಮದ್ ಆದಿಲ್‌ಶಾಹನ ಗೋರಿಯ ಜೊತೆಗಿದೆ. ಪಿಸುಮಾತು ಕೇಳಿಸಲು ಮೇಲೆ ಹತ್ತುವವರು ಕೆಳಗಿನ ಈ ಸಂಸಾರವನ್ನು ನೋಡುವುದು ಕಡಿಮೆ.

1686ರಲ್ಲಿ ಔರಂಗಜೇಬ ವಿಜಯಪುರ ಗೆದ್ದ. ಅವನು ಪಂಡಿತರನ್ನು ಕೂಡಿಸಿ ಮಾಡಿಸಿದ ‘ಫತಾವಾ ಆಲಂಗೀರಿ’ ಮುಂದೆ ಬ್ರಿಟಿಷ್ ಕೋರ್ಟುಗಳಿಗೂ ಆಧಾರವಾಯಿತು. ಆದರೆ ನಮ್ಮ ಭಾಗ ಸೇರಿದ್ದ ಮುಂಬೈ ಪ್ರಾಂತ್ಯದ ಲೆಕ್ಕ ಬೇರೆ ಇತ್ತು. ಅಲ್ಲಿನ 1827ರ ನಿಯಮದ ಪ್ರಕಾರ, ಸರ್ಕಾರದ ಕಾಯ್ದೆ ಇಲ್ಲದ ಕಡೆ ಮೊದಲು ಊರಿನ ರೂಢಿ, ಆಮೇಲೆ ಪ್ರತಿವಾದಿಯ ಧರ್ಮದ ಕಾನೂನು. 1847ರಲ್ಲಿ ಮುಂಬೈ ಕೋರ್ಟು ಖೋಜಾ, ಮೇಮನ್ ಎಂಬ ಮುಸ್ಲಿಂ ಸಮುದಾಯಗಳ ಹೆಣ್ಣುಮಕ್ಕಳಿಗೆ ಕುರಾನ್ ಹೇಳಿದ ಆಸ್ತಿ ಪಾಲನ್ನು ಕೊಡಲಿಲ್ಲ, ಕಾರಣ ಅವರ ರೂಢಿ. ರೂಢಿ ಅಂದರೆ ಯಾವಾಗಲೂ ಅಜ್ಜಿಯ ಅರಿಷಿಣವೇ ಅಲ್ಲ, ಅಲ್ವಾ? 1937ರ ಶರಿಯತ್ ಕಾಯ್ದೆ ಇದನ್ನು ತಿರುವಿ ಹಾಕಿತು. ರೂಢಿ ಏನೇ ಇರಲಿ, ಮದುವೆ, ಮೆಹರ್, ಪಾಲು ಎಲ್ಲಕ್ಕೂ ಶರಿಯತ್ ಅಂದಿತು. ಕೃಷಿ ಜಮೀನನ್ನು ಮಾತ್ರ ಹೊರಗಿಟ್ಟಿತು. ಹೊಲವೇ ಆಸ್ತಿಯಾಗಿರುವ ನಮ್ಮ ಹಳ್ಳಿಗಳಲ್ಲಿ ಅದು ಸಣ್ಣ ಮಾತಲ್ಲ.

ಹಿಂದೂ ಹೆಂಡತಿ ಮತಾಂತರವಾಗದೇ ನಿಕಾಹ್ ಆದರೆ? 2019ರ ಜನವರಿಯಲ್ಲಿ ಕೇರಳದ ಒಂದು ಆಸ್ತಿ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟ್ ಉತ್ತರ ಕೊಟ್ಟಿತು. ಅಂಥ ಮದುವೆ ‘ಬಾತಿಲ್’ ಅಲ್ಲ, ‘ಫಾಸಿದ್’. ಅಂದರೆ ಪೂರ್ತಿ ಅಸಿಂಧು ಅಲ್ಲ, ಊನ ಇರುವ ಮದುವೆ. ಮಗುವಿಗೆ ಅಪ್ಪನ ಆಸ್ತಿ ಸಿಗುತ್ತದೆ. ಹೆಂಡತಿಗೆ ಮೆಹರ್ ಉಂಟು, ಗಂಡನ ಆಸ್ತಿಯಲ್ಲಿ ಪಾಲಿಲ್ಲ. ಕೋರ್ಟು ನೆಚ್ಚಿಕೊಂಡದ್ದು ಮುಲ್ಲಾ ಅವರ ಪುಸ್ತಕ. ಹೆಸರು ಕೇಳಿ ಮಸೀದಿಯ ಮುಲ್ಲಾ ಅಂದುಕೊಳ್ಳಬೇಡಿ, ದಿನ್‌ಶಾ ಮುಲ್ಲಾ ಪಾರ್ಸಿ ವಕೀಲರು.

ಯಾರೂ ಧರ್ಮ ಬಿಡದೇ ಮದುವೆಯಾಗಲು 1954ರ ವಿಶೇಷ ವಿವಾಹ ಕಾಯ್ದೆ ಇದೆ. ಆಗ ಆಸ್ತಿ ಹಂಚಿಕೆ ಶರಿಯತ್ ಬಿಟ್ಟು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಗೆ ಹೋಗುತ್ತದೆ. ತೊಡಕು ಇರುವುದು 30 ದಿನದ ನೋಟಿಸಿನಲ್ಲಿ. ರಿಜಿಸ್ಟ್ರಾರ್ ಕಚೇರಿಯ ಬೋರ್ಡಿನ ಮೇಲೆ ಇಬ್ಬರ ಹೆಸರೂ ಅಂಟಿರುತ್ತದೆ. ಹೊಲದ ಖರೀದಿ ಪತ್ರಕ್ಕೆ ಬಂದ ಸಂಬಂಧಿಕರು ಅದನ್ನು ಓದದೇ ಇರುತ್ತಾರೆಯೇ? ಹಾಗಾಗಿ ಕೆಲವರು ಮತಾಂತರವಾಗಿ ಖಾಜಿಯ ಹತ್ತಿರ ಹೋಗುತ್ತಿದ್ದರು. 2022ರ ಕರ್ನಾಟಕದ ಮತಾಂತರ ಕಾಯ್ದೆ ಅಲ್ಲೂ 30 ದಿನ ಮೊದಲೇ ಜಿಲ್ಲಾಧಿಕಾರಿಗೆ ತಿಳಿಸಿ ಅಂದಿತು. ಅದನ್ನು ಹಿಂಪಡೆಯಲು 2023ರ ಜೂನ್‌ನಲ್ಲಿ ಸಚಿವ ಸಂಪುಟ ತೀರ್ಮಾನಿಸಿತು.

ನೋಟಿಸಿನ ತಿಂಗಳು ಹೇಗೋ ದಾಟಿ ಬಂದ ಜೋಡಿಗೆ ರಿಜಿಸ್ಟ್ರಾರ್ ಮೆಹರ್ ಎಷ್ಟು ಅಂತ ಕೇಳುವುದಿಲ್ಲ. ಖಾಜಿಗೆ ಇಬ್ಬರು ಸಾಕ್ಷಿ ಸಾಕು, ಇಲ್ಲಿ ಮೂವರನ್ನು ಕರೆದುಕೊಂಡು ಬರಬೇಕು.