ಡಿಸೆಂಬರ್‌ನಲ್ಲಿ ಟ್ರೋಮ್ಸೊ: ದಿನವಿಡೀ ಕತ್ತಲೆಯೇ?

ಪ್ರಶ್ನೆ: ಡಿಸೆಂಬರ್ ಕೊನೆಯಲ್ಲಿ ನಾರ್ವೆಯ ಟ್ರೋಮ್ಸೊಗೆ ಹೋಗಬೇಕೆಂದಿದ್ದೇವೆ. ಆಗ ಅಲ್ಲಿ ಸೂರ್ಯ ಹುಟ್ಟುವುದೇ ಇಲ್ಲವಂತೆ. ಅಷ್ಟು ದುಡ್ಡು ಸುರಿದು ಹೋಗಿ ಕತ್ತಲಲ್ಲಿ ಕೂರಬೇಕೇ?

ಸೂರ್ಯ ಹುಟ್ಟುವುದಿಲ್ಲ ಎಂಬುದು ನಿಜ. ಉತ್ತರ ಧ್ರುವವೃತ್ತದಿಂದ ಸುಮಾರು 350 ಕಿಲೋಮೀಟರ್ ಮೇಲಿರುವ ಈ ಊರಿನಲ್ಲಿ ನವೆಂಬರ್ ಕೊನೆಯ ವಾರ ಮರೆಯಾದ ಸೂರ್ಯ ಮತ್ತೆ ಮುಖ ತೋರುವುದು ಜನವರಿ ಮಧ್ಯ ಕಳೆದ ಮೇಲೆ. ಆದರೂ ಕತ್ತಲಲ್ಲಿ ಕೂರುವ ಪ್ರಮೇಯವಿಲ್ಲ. ಡಿಸೆಂಬರ್ 21ರ ನಡುಹಗಲಿನಲ್ಲಿ ಸೂರ್ಯ ದಿಗಂತದ ಕೆಳಗೆ ಬರೀ ಮೂರು ಡಿಗ್ರಿಯಷ್ಟು ಇಳಿದಿರುತ್ತಾನೆ. ಬೆಂಗಳೂರಿನಲ್ಲಿ ಸೂರ್ಯ ಮುಳುಗಿ ಹತ್ತು ಹನ್ನೆರಡು ನಿಮಿಷವಾದಾಗ ಆಕಾಶದಲ್ಲಿ ಎಷ್ಟು ಬೆಳಕು ಉಳಿದಿರುತ್ತದೋ ಹೆಚ್ಚುಕಡಿಮೆ ಅಷ್ಟು. ನಮ್ಮಲ್ಲಿ ಅವನು ನೆಟ್ಟಗೆ ಇಳಿದುಬಿಡುವುದರಿಂದ ಮುಸ್ಸಂಜೆ ಬೇಗ ಮುಗಿಯುತ್ತದೆ. ಅಲ್ಲಿ ಅವನು ದಿಗಂತದ ಅಡಿಯಲ್ಲೇ ಓರೆಯಾಗಿ ಸಾಗುವುದರಿಂದ ಆ ಬೆಳಕು ಬೆಳಿಗ್ಗೆ ಒಂಬತ್ತೂವರೆಯಿಂದ ಎರಡು ಗಂಟೆಯ ಹತ್ತಿರದವರೆಗೂ ಇರುತ್ತದೆ. ಮೋಡವಿಲ್ಲದ ದಿನ ದಕ್ಷಿಣದಲ್ಲಿ ಗುಲಾಬಿ, ಉತ್ತರದಲ್ಲಿ ಕಡುನೀಲಿ, ಮಧ್ಯೆ ಹಿಮದ ಬೆಟ್ಟಗಳು. ಸ್ಟೋರ್‌ಸ್ಟೈನೆನ್ ಬೆಟ್ಟಕ್ಕೆ ಹೋಗುವ ಕೇಬಲ್ ಕಾರನ್ನು ಜನ ರಾತ್ರಿಗೆ ಇಟ್ಟುಕೊಳ್ಳುತ್ತಾರೆ. ನನ್ನ ಮಾತು ಕೇಳುವುದಾದರೆ ಹನ್ನೊಂದು ಗಂಟೆಗೇ ಹತ್ತಿ.

ಚಳಿಯ ಬಗ್ಗೆಯೂ ಅತಿಯಾಗಿ ಹೆದರಬೇಡಿ. ಅಟ್ಲಾಂಟಿಕ್‌ನ ಬೆಚ್ಚನೆಯ ಪ್ರವಾಹದ ದೆಸೆಯಿಂದ ಬಂದರಿನ ನೀರೇ ಹೆಪ್ಪುಗಟ್ಟುವುದಿಲ್ಲ. ಜನವರಿಯ ಸರಾಸರಿ ಉಷ್ಣಾಂಶ ಮೈನಸ್ ನಾಲ್ಕರ ಆಸುಪಾಸು. ಮೈಗೆ ತಾಗುವ ಬಟ್ಟೆ ಉಣ್ಣೆಯದಾಗಿರಲಿ. ಬೆವರು ಕುಡಿದ ಹತ್ತಿ ಬಟ್ಟೆ ಒಣಗದೆ ಮೈಯನ್ನು ತಣ್ಣಗಾಗಿಸುತ್ತದೆ.

ಹೆದರಬೇಕಾದದ್ದು ಕಾಲಡಿಯ ನೆಲಕ್ಕೆ. ಹಿಮದ ಮೇಲೆ ಮಳೆ ಬಿದ್ದು, ರಾತ್ರಿ ಅದೇ ಗಟ್ಟಿಯಾದರೆ ಇಳಿಜಾರಿನ ಬೀದಿಗಳೆಲ್ಲ ಗಾಜು. ಊರಿನವರು ಬೂಟಿನ ಮೇಲೆ ರಬ್ಬರಿನ ಪಟ್ಟಿಯೊಂದನ್ನು ಎಳೆದು ತೊಡಿಸುತ್ತಾರೆ. ಅಡಿಯಲ್ಲಿ ಉಕ್ಕಿನ ಸಣ್ಣ ಮೊಳೆಗಳಿರುತ್ತವೆ. ಹೆಸರು ಬ್ರೊಡ್ಡರ್. ಇಳಿದ ದಿನವೇ ಕೊಳ್ಳಿ. ಅಂಗಡಿಯೊಳಗೆ ಕಾಲಿಡುವಾಗ ಬಿಚ್ಚುವುದನ್ನು ಮರೆಯಬೇಡಿ. ನುಣುಪು ಟೈಲ್ಸ್ ಮೇಲೆ ಅದೇ ಮೊಳೆ ನಿಮ್ಮನ್ನು ಕೆಡವುತ್ತದೆ. ಕೋಟಿಗೆ ತೂಗುಹಾಕುವ, ಕಾರಿನ ದೀಪಕ್ಕೆ ಮಿನುಗುವ ರಿಫ್ಲೆಕ್ಟರ್ ಕೂಡ ಒಂದಿರಲಿ. ಅಲ್ಲಿ ದೊಡ್ಡವರೂ ಸಂಕೋಚವಿಲ್ಲದೆ ಅದನ್ನು ಹಾಕಿಕೊಳ್ಳುತ್ತಾರೆ.

ರಾತ್ರಿಯ ಆಕಾಶದಲ್ಲಿ ಮೂಡುವ ಉತ್ತರದ ಬೆಳಕು (ಅರೋರಾ) ನೋಡುವ ಆಸೆಯೂ ನಿಮಗಿರಬಹುದು. ಅದಕ್ಕೆ ಕತ್ತಲು ಬೇಕೇ ಬೇಕು, ಅಡ್ಡಿಯಾಗುವುದು ಮೋಡ. ಕರಾವಳಿಯಲ್ಲಿ ಮೋಡ ಕವಿದಿದ್ದರೆ ಪ್ರವಾಸದ ಬಸ್ಸುಗಳು ಒಳನಾಡಿಗೆ, ಕೆಲವೊಮ್ಮೆ ಫಿನ್‌ಲ್ಯಾಂಡ್ ಗಡಿ ದಾಟಿಯೂ ಹೋಗುತ್ತವೆ, ಪಾಸ್‌ಪೋರ್ಟ್ ಜೇಬಿನಲ್ಲಿರಲಿ. ಒಂದೇ ರಾತ್ರಿಯನ್ನು ನಂಬಿ ಹೋಗಬೇಡಿ, ಮೂರು ನಾಲ್ಕಾದರೂ ಇರಲಿ. ಫೋಟೊದಲ್ಲಿರುವ ಹಸಿರು ಪ್ರತಿ ಸಲ ಕಣ್ಣಿಗೆ ಕಾಣುವುದಿಲ್ಲ. ಬೆಳಕು ಮಂದವಾಗಿದ್ದರೆ ಬೂದುಬಣ್ಣದ ಮೋಡದ ಎಳೆಯಂತೆ ಇರುತ್ತದೆ, ಜೋರಾದಾಗ ಮಾತ್ರ ಕಣ್ಣೆದುರೇ ಬಣ್ಣ ಏರಿ ಕುಣಿಯುತ್ತದೆ.

ನೀವು ಆರಿಸಿರುವ ದಿನಗಳಿಗೆ ಇನ್ನೊಂದು ತೊಡಕಿದೆ. 24ರ ಮಧ್ಯಾಹ್ನದ ನಂತರ ಅಂಗಡಿಗಳು ಬಾಗಿಲು ಹಾಕಿಕೊಳ್ಳುತ್ತವೆ. 25, 26 ಸಾರ್ವತ್ರಿಕ ರಜೆ. ಸಸ್ಯಾಹಾರಿಗಳಾಗಿದ್ದರೆ ಅಡುಗೆಮನೆಯಿರುವ ವಸತಿ ಹಿಡಿದು, 23ರೊಳಗೆ ತರಕಾರಿ ತಂದಿಟ್ಟುಕೊಳ್ಳಿ. ಅವಲಕ್ಕಿ, ಚಟ್ನಿಪುಡಿ ಊರಿನಿಂದ ಕಟ್ಟಿಕೊಂಡು ಹೋಗಿ. ಹಾಲಿನ ಪದಾರ್ಥಗಳನ್ನು ಭಾರತದಿಂದ ಒಯ್ಯುವಂತಿಲ್ಲವಾದ್ದರಿಂದ ತುಪ್ಪದ ಡಬ್ಬಿ ಮನೆಯಲ್ಲೇ ಇರಲಿ.

ವಯಸ್ಸಾದ ತಂದೆತಾಯಿ ಜೊತೆಗಿದ್ದರೆ ಮಾತ್ರ ನಾನು ಡಿಸೆಂಬರ್ ಬಿಟ್ಟು ಫೆಬ್ರವರಿಯ ಕೊನೆಯನ್ನು ಹಿಡಿಯುತ್ತೇನೆ. ಹಿಮ ಹಾಗೆಯೇ ಇರುತ್ತದೆ, ರಾತ್ರಿಯ ಕತ್ತಲೂ ಬೇಕಾದಷ್ಟಿರುತ್ತದೆ, ಜೊತೆಗೆ ಎಂಟೊಂಬತ್ತು ಗಂಟೆಯ ಹಗಲು ಸಿಗುತ್ತದೆ.