‘ಒಂದು ಒಳ್ಳೆ ಹಾರರ್ ಸಿನಿಮಾ ಹೇಳಿ’: ಕನ್ನಡದಲ್ಲಿ ಈ ಪ್ರಶ್ನೆ ಇಷ್ಟು ಗೋಜಲಾದದ್ದು ಹೇಗೆ?

ಶನಿವಾರ ರಾತ್ರಿ ಊಟ ಮುಗಿಸಿ ನಾಲ್ಕು ಜನ ಕೂತಾಗ ಯಾರಾದರೊಬ್ಬರು ಕೇಳೇ ಕೇಳುತ್ತಾರೆ: ‘ಕನ್ನಡದಲ್ಲಿ ಒಂದು ಒಳ್ಳೆ ಹಾರರ್ ಸಿನಿಮಾ ಇದ್ರೆ ಹೇಳ್ರೋ. ನಿಜವಾಗ್ಲೂ ಹೆದರಿಕೆ ಆಗ್ಬೇಕು.’ ಒಬ್ಬರು ‘ಆಪ್ತಮಿತ್ರ’ ಅನ್ನುತ್ತಾರೆ. ‘ಅದರಲ್ಲಿ ದೆವ್ವ ಎಲ್ಲಿದೆ, ಅದು ಕಾಯಿಲೆ’ ಅಂತ ಇನ್ನೊಬ್ಬರು. ಮೂರನೆಯವರು ‘ರಂಗಿತರಂಗ’ ಅಂದರೆ, ‘ಅದು ಸಸ್ಪೆನ್ಸ್’ ಎಂಬ ತಕರಾರು. ‘ಕಾಂತಾರ’ ಅಂದವರಿಗೆ ಕರಾವಳಿಯ ಗೆಳೆಯರಿಂದ ಖಡಕ್ ಉತ್ತರ: ‘ದೈವಕ್ಕೂ ದೆವ್ವಕ್ಕೂ ವ್ಯತ್ಯಾಸ ಇದೆ ಮಾರಾಯ್ರೆ.’ ಅರ್ಧ ಗಂಟೆಯ ಚರ್ಚೆ ಆದ ಮೇಲೆ ಕೊನೆಗೆ ನೋಡುವುದು ಯಾವುದೋ ಇಂಗ್ಲಿಷ್ ಅಥವಾ ಮಲಯಾಳಂ ಸಿನಿಮಾ.

ಈ ಜಗಳವನ್ನು ನಾನು ಇಪ್ಪತ್ತು ವರ್ಷಗಳಿಂದ ಕೇಳುತ್ತಿದ್ದೇನೆ, ನಾನೂ ಆಡಿದ್ದೇನೆ. ಯಾರ ಮಾತೂ ಸುಳ್ಳಲ್ಲ. ‘ಹಾರರ್’ ಎಂಬ ಒಂದೇ ಹಣೆಪಟ್ಟಿಯ ಕೆಳಗೆ ಕನ್ನಡದಲ್ಲಿ ನಾಲ್ಕೈದು ಬೇರೆ ಬೇರೆ ಭಯಗಳು ಸೇರಿಕೊಂಡಿವೆ. ಅವು ಒಂದೊಂದಾಗಿ ಹೇಗೆ ಬಂದು ಸೇರಿದವು ಎಂದು ನೋಡಿದರೆ ಗೋಜಲು ಸ್ವಲ್ಪ ಬಿಡಿಸಿಕೊಳ್ಳುತ್ತದೆ.

ಹಿರಿಯರನ್ನು ಕೇಳಿದರೆ ಎಲ್ಲರೂ ಹೋಗಿ ನಿಲ್ಲುವುದು 1979ರ ‘ನಾ ನಿನ್ನ ಬಿಡಲಾರೆ’ ಚಿತ್ರದ ಹತ್ತಿರ. ಅದಕ್ಕೂ ಹಿಂದಿನ ದಶಕಗಳಲ್ಲಿ ದೆವ್ವ ಅಂದರೆ ಹೆಚ್ಚಾಗಿ ಬಿಳಿ ಸೀರೆ, ಹಳೇ ಬಂಗಲೆ, ಕೊನೆಯಲ್ಲಿ ಸಿಕ್ಕಿಬೀಳುವ ಕಳ್ಳ, ಅಷ್ಟೇ. ಅನಂತ್ ನಾಗ್ ಮತ್ತು ಲಕ್ಷ್ಮಿ ನಟಿಸಿದ ಈ ಚಿತ್ರದಲ್ಲಿ ದೆವ್ವ ಮೆಟ್ಟಿಕೊಳ್ಳುವುದು ನಾಯಕಿಗಲ್ಲ, ನಾಯಕನಿಗೆ. ಕಾಮಿನಿ ಎಂಬ ಹೆಣ್ಣಿನ ಪ್ರೇತ ಗಂಡಸಿನ ಮೈಮೇಲೆ ಬಂದಾಗ ಅನಂತ್ ನಾಗ್ ಅವರ ಕಣ್ಣು, ಕತ್ತು, ನಡೆಯುವ ರೀತಿ ಬದಲಾಗುವುದನ್ನು ಇವತ್ತು ನೋಡಿದರೂ ಮೈ ಜುಂ ಅನ್ನುತ್ತದೆ. ಆ ಮನೆಯನ್ನು ಕಾಪಾಡುವುದು ಹೆಂಡತಿಯ ಭಕ್ತಿ ಮತ್ತು ರಾಘವೇಂದ್ರ ಸ್ವಾಮಿಗಳ ಕೃಪೆ. ಹೀಗಾಗಿ ದೆವ್ವದ ಸಿನಿಮಾಕ್ಕೂ ಇಡೀ ಸಂಸಾರ ಒಟ್ಟಿಗೆ ಹೋಗಬಹುದಿತ್ತು. ಮನೆಗೆ ಬಂದು ದೇವರಿಗೆ ಕೈಮುಗಿದು ಮಲಗಿದರಾಯಿತು. 1981ರಲ್ಲಿ ಇದೇ ಕಥೆ ‘ಮಂಗಳಸೂತ್ರ’ ಹೆಸರಿನಲ್ಲಿ ಹಿಂದಿಗೂ ಹೋಯಿತು. ಅಲ್ಲಿಯೂ ನಾಯಕ ಅನಂತ್ ನಾಗ್ ಅವರೇ, ಜೊತೆಗೆ ರೇಖಾ.

ಮುಂದೆ ವಿಡಿಯೊ ಕ್ಯಾಸೆಟ್ ಬಂತು, ರಾಮ್ಸೆ ಸಹೋದರರ ಹಿಂದಿ ದೆವ್ವದ ಚಿತ್ರಗಳು ಬಂದವು, ಬಾಡಿಗೆ ವಿಸಿಆರ್ ತಂದು ‘ಈವಿಲ್ ಡೆಡ್’ ನೋಡಿದ ತಲೆಮಾರು ಬಂತು, 1993ರಲ್ಲಿ ಉಪೇಂದ್ರ ‘ಶ್!’ ಮಾಡಿದರು. ಆದರೆ ಆ ಹೊತ್ತಿನ ನಿಜವಾದ ಭಯ ಇದ್ದದ್ದು ಚಿತ್ರಮಂದಿರದಲ್ಲಲ್ಲ, ಮನೆಯೊಳಗೆ.

ತೊಂಬತ್ತರ ದಶಕದ ಆರಂಭದಲ್ಲಿ ಬೆಂಗಳೂರು ದೂರದರ್ಶನದಲ್ಲಿ ‘ಗುಡ್ಡದ ಭೂತ’ ಬರುತ್ತಿತ್ತು. ಸದಾನಂದ ಸುವರ್ಣ ಅವರ ನಿರ್ದೇಶನ. ಆಗಿನ್ನೂ ಹೆಸರಾಗದ ಪ್ರಕಾಶ್ ರಾಜ್ ಅದರಲ್ಲಿದ್ದರು. ಕಥೆ ನೆನಪಿಲ್ಲದವರಿಗೂ ಅದರ ಶೀರ್ಷಿಕೆ ಗೀತೆ ನೆನಪಿದೆ. ‘ಡೆನ್ನಾನ ಡೆನ್ನಾನ’ ಅಂತ ಶುರುವಾದರೆ ನಮ್ಮ ಮನೆಯಲ್ಲಿ ನಾನು ಮತ್ತು ನನ್ನ ತಂಗಿ ಅಜ್ಜಿಯ ಸೀರೆಯ ಸೆರಗಿನೊಳಗೆ. ಹಾಡು ಮುಗಿಯುವ ತನಕ ಕಣ್ಣು ಬಿಡುತ್ತಿರಲಿಲ್ಲ. ಕಣ್ಣು ಮುಚ್ಚಿದರೇನು, ಕಿವಿ ಮುಚ್ಚಲು ಮರೆಯುತ್ತಿದ್ದೆವು. ಪಕ್ಕದ ಮನೆಯ ಟಿವಿಯಿಂದಲೂ ಅದೇ ಹಾಡು, ಅರ್ಧ ಕ್ಷಣ ತಡವಾಗಿ ಕೇಳಿದಂತಾಗಿ, ಗುಡ್ಡ ನಮ್ಮ ಬೀದಿಯ ಕೊನೆಗೇ ಬಂದು ನಿಂತ ಹಾಗಿರುತ್ತಿತ್ತು. ಅಲ್ಲಿ ರಕ್ತ ಇರಲಿಲ್ಲ, ಕಿರುಚಾಟ ಇರಲಿಲ್ಲ. ಕರಾವಳಿಯ ಮಳೆ, ತೋಟ, ಕತ್ತಲು ಮತ್ತು ಆ ದನಿ ಮಾತ್ರ.

ಸುಮಾರು ಅದೇ ದಶಕದಲ್ಲಿ ‘ನಾಳೆ ಬಾ’ ಸುದ್ದಿ ಹಬ್ಬಿತು. ರಾತ್ರಿ ಒಂದು ಹೆಣ್ಣು ದೆವ್ವ ಬಂದು ಬಾಗಿಲು ಬಡಿಯುತ್ತದೆ, ನಿಮಗೆ ಗೊತ್ತಿರುವವರ ದನಿಯಲ್ಲೇ ಹೆಸರು ಹಿಡಿದು ಕರೆಯುತ್ತದೆ, ಓಗೊಟ್ಟು ಬಾಗಿಲು ತೆಗೆದರೆ ಮುಗಿಯಿತು. ಅದಕ್ಕೆ ಪರಿಹಾರ, ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುವುದು. ಓದಿಕೊಂಡು ಹೋಗುತ್ತದೆ, ಮರುದಿನ ಬಂದು ಮತ್ತೆ ಅದನ್ನೇ ಓದುತ್ತದೆ. ಸೀಮೆಸುಣ್ಣದಲ್ಲಿ, ಇದ್ದಿಲಿನಲ್ಲಿ ಬರೆದ ಆ ಎರಡು ಪದಗಳನ್ನು ಹಳ್ಳಿಗಳಲ್ಲೂ ಬೆಂಗಳೂರಿನ ಬಡಾವಣೆಗಳಲ್ಲೂ ಕಂಡವರು ಇವತ್ತಿಗೂ ಇದ್ದಾರೆ. ಸೊಸೆ ಕರೆದರೂ ಅತ್ತೆ ಮೂರು ಸಲ ಕೇಳಿಸಿಕೊಂಡೇ ಬಾಗಿಲು ತೆಗೆಯುತ್ತಿದ್ದ ಕಾಲ ಅದು.

ಇಷ್ಟು ಚೊಕ್ಕವಾದ ಭಯದ ಕಥೆ ನಮ್ಮ ಬಾಗಿಲ ಮೇಲೇ ಬರೆದಿದ್ದರೂ ಅದರಿಂದ ದೇಶವೆಲ್ಲ ನೋಡಿದ ಸಿನಿಮಾ ಹುಟ್ಟಿದ್ದು 2018ರಲ್ಲಿ, ಹಿಂದಿಯಲ್ಲಿ. ‘ಸ್ತ್ರೀ’ ಚಿತ್ರದಲ್ಲಿ ಊರು ಮಧ್ಯಪ್ರದೇಶದ ಚಂದೇರಿ ಆಯಿತು, ಗೋಡೆಯ ಮೇಲಿನ ಬರಹ ಹಿಂದಿಯಾಯಿತು. ಚಿತ್ರ ಚೆನ್ನಾಗಿದೆ, ನಾನು ಎರಡು ಸಲ ನೋಡಿದ್ದೇನೆ. ಆದರೂ ನೋಡುವಾಗ ಹೊಟ್ಟೆಯೊಳಗೆ ಏನೋ ಚುಚ್ಚಿದ್ದು ನಿಜ.

ಕನ್ನಡ ಚಿತ್ರರಂಗ ಅದಕ್ಕೂ ಮೊದಲೇ ಬೇರೆ ದಾರಿ ಹಿಡಿದಿತ್ತು. ಅದರ ಹಿಂದೆ 1960ರ ದಶಕದಿಂದ ಬಂದ ಒಂದು ಹಳೆಯ ಒಪ್ಪಂದವಿದೆ: ಬೇರೆ ಭಾಷೆಯ ಚಿತ್ರಗಳನ್ನು ಕನ್ನಡಕ್ಕೆ ಡಬ್ ಮಾಡುವಂತಿಲ್ಲ. ಇಲ್ಲಿನ ಕಲಾವಿದರು, ತಂತ್ರಜ್ಞರು ಬದುಕಬೇಕು ಎಂಬ ಕಾಳಜಿಯಿಂದ ಹುಟ್ಟಿದ ಕಟ್ಟುಪಾಡು ಅದು, ಕಾನೂನಲ್ಲ. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಇದನ್ನು ತಪ್ಪೆಂದು ಹೇಳುವ ತನಕ, ಹಾಲಿವುಡ್ಡಿನ ದೆವ್ವಗಳು ಹಿಂದಿ, ತಮಿಳು, ತೆಲುಗಿನಲ್ಲಿ ಮಾತಾಡಿದವೇ ಹೊರತು ಕನ್ನಡದಲ್ಲಿ ಮಾತಾಡಲಿಲ್ಲ. ಪಕ್ಕದ ರಾಜ್ಯದ ದೆವ್ವ ಕನ್ನಡ ಕಲಿಯಬೇಕಾದರೆ ರೀಮೇಕ್ ಒಂದೇ ದಾರಿ.

ಆ ದಾರಿಯಲ್ಲಿ ಬಂದ ದೊಡ್ಡ ಗೆಲುವು 2004ರ ‘ಆಪ್ತಮಿತ್ರ’. ಮೂಲ, 1993ರ ಮಲಯಾಳಂ ಚಿತ್ರ ‘ಮಣಿಚಿತ್ರತ್ತಾಳ್’. ಪಿ. ವಾಸು ನಿರ್ದೇಶನ, ದ್ವಾರಕೀಶ್ ನಿರ್ಮಾಣ, ವಿಷ್ಣುವರ್ಧನ್ ವೈದ್ಯನಾಗಿ, ಸೌಂದರ್ಯ ಗಂಗಾ ಆಗಿ, ನಾಗವಲ್ಲಿ ಆಗಿ. ಹಳೇ ಅರಮನೆ, ಬೀಗ ಹಾಕಿದ ಕೋಣೆ, ಗೆಜ್ಜೆ ಸದ್ದು, ಹೀಗೆ ದೆವ್ವದ ಸಾಮಗ್ರಿಯೆಲ್ಲ ಇಟ್ಟು ಕೊನೆಗೆ ‘ಇದು ಮನಸ್ಸಿನ ಕಾಯಿಲೆ’ ಎಂದ ಚಿತ್ರವನ್ನು ಕರ್ನಾಟಕ ದೆವ್ವದ ಸಿನಿಮಾ ಎಂದೇ ನೆನಪಿಟ್ಟುಕೊಂಡಿದೆ. ಅದಕ್ಕೆ ಸಿನಿಮಾದ ಹೊರಗಿನ ಕಾರಣವೂ ಇದೆ. ಚಿತ್ರ ಬಿಡುಗಡೆಯಾಗುವ ಮೊದಲೇ, ಆ ವರ್ಷದ ಏಪ್ರಿಲ್ 17ರಂದು, ಸೌಂದರ್ಯ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಮುಂದಿನ ಕಂತು ‘ಆಪ್ತರಕ್ಷಕ’ ತೆರೆಗೆ ಬಂದದ್ದು 2010ರಲ್ಲಿ, 2009ರ ಡಿಸೆಂಬರ್ 30ರಂದು ವಿಷ್ಣುವರ್ಧನ್ ನಿಧನರಾದ ಮೇಲೆ. ಈ ಎರಡು ಸಾವುಗಳನ್ನು ಸಿನಿಮಾದಲ್ಲಿ ಬರುವ ನಾಗವಲ್ಲಿಯ ಚಿತ್ರಪಟಕ್ಕೆ ಗಂಟು ಹಾಕಿ ಹಬ್ಬಿದ ಮಾತುಗಳು ಇನ್ನೂ ನಿಂತಿಲ್ಲ. ನಾವು ಇಷ್ಟಪಟ್ಟ ಇಬ್ಬರು ಕಲಾವಿದರ ಸಾವನ್ನು ಒಂದು ಸಿನಿಮಾದ ಶಿಫಾರಸಿಗೆ ಒಗ್ಗರಣೆಯಾಗಿ ಬಳಸುವುದು ನನಗೆ ಯಾವತ್ತೂ ಸರಿ ಕಂಡಿಲ್ಲ. ‘ಆಪ್ತಮಿತ್ರ’ ನೋಡಿ ಎಂದು ಹೇಳಲು ಸೌಂದರ್ಯ ಅವರ ಅಭಿನಯ ಸಾಕು.

2012ರ ಹೊತ್ತಿಗೆ ಇನ್ನೊಂದು ಬೆರಕೆ ಶುರುವಾಯಿತು, ಹಾರರ್ ಕಾಮಿಡಿ. ತಮಿಳಿನ ‘ಕಾಂಚನಾ’ ಇಲ್ಲಿ ‘ಕಲ್ಪನಾ’ ಆಯಿತು, ತೆಲುಗಿನ ‘ಪ್ರೇಮ ಕಥಾ ಚಿತ್ರಂ’ ‘ಚಂದ್ರಲೇಖ’ ಆಯಿತು, ತಮಿಳಿನ ಮತ್ತೊಂದು ಚಿತ್ರ ‘ನಮೋ ಭೂತಾತ್ಮ’ ಆಯಿತು. ಇದರ ಲೆಕ್ಕಾಚಾರವನ್ನೂ ಅರ್ಥ ಮಾಡಿಕೊಳ್ಳಬೇಕು. ಶುದ್ಧ ಭಯದ ಚಿತ್ರಕ್ಕೆ ಸೆನ್ಸಾರ್‌ನಲ್ಲಿ ‘ಎ’ ಸಿಕ್ಕಿದರೆ ಸಂಸಾರ ಸಮೇತ ಬರುವ ಪ್ರೇಕ್ಷಕರು ಇಲ್ಲ. ಟಿವಿಯಲ್ಲಿ ಹಾಕಬೇಕೆಂದರೆ ಮತ್ತೆ ಕತ್ತರಿ ಹಾಕಿಸಿ ಬೇರೆ ಪ್ರಮಾಣಪತ್ರ ತರಬೇಕು. ಎರಡು ನಗು ಸೇರಿಸಿದರೆ ದೆವ್ವ ಮೆತ್ತಗಾಗುತ್ತದೆ, ದಾರಿ ಸಲೀಸಾಗುತ್ತದೆ. ಹಾಕಿದ ದುಡ್ಡು ವಾಪಸ್ ಬರಬೇಕಲ್ಲ. ಆದರೆ ಹೆದರಬೇಕೆಂದು ಟಿಕೆಟ್ ತೆಗೆದುಕೊಂಡವರು ನಕ್ಕು ಹೊರಬಂದರು, ನಗಬೇಕೆಂದು ಬಂದವರು ಎರಡನೇ ಅರ್ಧದಲ್ಲಿ ಬೇಸತ್ತರು.

ಈ ಗದ್ದಲದ ನಡುವೆ ಮೂರು ವರ್ಷಗಳಲ್ಲಿ ಬಂದ ಮೂರು ಚಿತ್ರಗಳ ಬಗ್ಗೆ ನನಗೆ ಹೇಳಿದಷ್ಟೂ ಸಾಲದು.

ಮೊದಲನೆಯದು 2013ರ ‘6-5=2’. ಚಾರಣಕ್ಕೆ ಹೋದ ಗೆಳೆಯರ ಕ್ಯಾಮೆರಾ ಸಿಕ್ಕಿದೆ, ಅದರಲ್ಲಿದ್ದದ್ದನ್ನೇ ತೋರಿಸುತ್ತಿದ್ದೇವೆ ಎಂಬ ಕಟ್ಟು. ಸ್ಟಾರ್ ಇಲ್ಲ, ಹಾಡಿಲ್ಲ. ಹುಡುಗರು ಮಾತಾಡುವುದು ಬಸ್ಸಿನಲ್ಲಿ ನಾವು ಮಾತಾಡುವ ಕನ್ನಡವನ್ನೇ. ನಾನು ನೋಡಿದ ಪ್ರದರ್ಶನದಲ್ಲಿ ಮಧ್ಯಂತರದ ತನಕ ಹಿಂದಿನ ಸಾಲಿನ ಹುಡುಗರು ಜೋಕ್ ಹೊಡೆಯುತ್ತಿದ್ದರು. ಆಮೇಲೆ ತೆರೆಯ ಮೇಲೆ ಕಾಡು ಕತ್ತಲಾಯಿತು, ಟಾರ್ಚಿನ ಬೆಳಕಿನ ವೃತ್ತ ಒಂದು ಮರದಿಂದ ಇನ್ನೊಂದು ಮರಕ್ಕೆ ಹೋಗುತ್ತಿತ್ತು, ಒಣಗಿದ ಎಲೆಯ ಮೇಲೆ ಹೆಜ್ಜೆ ಸದ್ದು. ಹಿಂದಿನ ಸಾಲಿನಲ್ಲಿ ಚಿಪ್ಸ್ ಪ್ಯಾಕೆಟ್ಟಿನ ಸದ್ದೂ ನಿಂತುಹೋಯಿತು. ಹೊರಗೆ ಬರುವಾಗ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ‘ಇದು ನಿಜವಾಗಿ ನಡೆದದ್ದಾ?’ ಒಂದು ಭಯದ ಚಿತ್ರಕ್ಕೆ ಇದಕ್ಕಿಂತ ದೊಡ್ಡ ಶಿಫಾರಸು ಬೇಕೆ? ಮರುವರ್ಷವೇ ಅದು ಹಿಂದಿಗೆ ಹೋಯಿತು.

ಎರಡನೆಯದು ಅನುಪ್ ಭಂಡಾರಿಯವರ ‘ರಂಗಿತರಂಗ’. ಬಿಡುಗಡೆ 2015ರ ಜುಲೈ 3. ಕಮರೊಟ್ಟು ಎಂಬ ಊರು, ಗರ್ಭಿಣಿ ಹೆಂಡತಿಯೊಡನೆ ಅಲ್ಲಿಗೆ ಬರುವ ಕಾದಂಬರಿಕಾರ, ಭೂತಕೋಲ. ಮತ್ತು ಚಿತ್ರಮಂದಿರದ ಕತ್ತಲಲ್ಲಿ ಇದ್ದಕ್ಕಿದ್ದಂತೆ ‘ಡೆನ್ನಾನ ಡೆನ್ನಾನ’! ಹೊಸ ವಾದ್ಯಗಳ ನಡುವೆ ‘ಗುಡ್ಡದ ಭೂತ’ದ ಅದೇ ಹಳೇ ದನಿ. ನನ್ನ ಪಕ್ಕದಲ್ಲಿ ಕೂತಿದ್ದ ತಂಗಿ ನನ್ನ ಕೈ ಹಿಡಿದುಕೊಂಡಳು. ಅಜ್ಜಿ ಹೋಗಿ ಆಗಲೇ ಎಷ್ಟೋ ವರ್ಷವಾಗಿತ್ತು. ಒಂದೇ ವಾರಕ್ಕೆ ‘ಬಾಹುಬಲಿ’ ಬಂತು, ಚೆನ್ನಾಗಿ ಓಡುತ್ತಿದ್ದ ಚಿತ್ರಕ್ಕೆ ಪರದೆಗಳು ಕಡಿಮೆಯಾದವು. ನೋಡಿದವರು ಬಾಯಿಂದ ಬಾಯಿಗೆ ಹೇಳಿ ಹೇಳಿ ಉಳಿಸಿಕೊಂಡರು. ಅಮೆರಿಕದ ಕನ್ನಡಿಗರೂ ಚಿತ್ರಮಂದಿರಕ್ಕೆ ಹೋಗಿ ನೋಡಿದರು.

ಮೂರನೆಯದು ಪವನ್ ಕುಮಾರ್ ಅವರ ‘ಯು ಟರ್ನ್’, 2016. ಬೆಂಗಳೂರಿನ ಡಬಲ್ ರೋಡ್ ಮೇಲ್ಸೇತುವೆಯಲ್ಲಿ ರಸ್ತೆ ನಡುವಿನ ಕಾಂಕ್ರೀಟ್ ಕಲ್ಲುಗಳನ್ನು ಸರಿಸಿ ಬೈಕ್ ತಿರುಗಿಸುವವರು, ಅಲ್ಲೇ ಕೂತು ಗಾಡಿ ನಂಬರ್ ಬರೆದುಕೊಳ್ಳುವ ಒಬ್ಬ ಬಡಪಾಯಿ, ಆ ನಂಬರುಗಳ ಹಿಂದೆ ಬೀಳುವ ಪತ್ರಕರ್ತೆ. ಬಂಗಲೆ ಬೇಡ, ಕಾಡು ಬೇಡ, ನಾವು ದಿನಾ ಓಡಾಡುವ ರಸ್ತೆಯೇ ಸಾಕು ಎಂದು ತೋರಿಸಿದ ಚಿತ್ರ. ಮಲಯಾಳಂ, ತೆಲುಗು, ತಮಿಳು, ಹಿಂದಿಗಷ್ಟೇ ಅಲ್ಲ, ಫಿಲಿಪ್ಪೀನ್ಸ್‌ಗೂ ಹೋಯಿತು. ಶಿಫಾರಸು ಮಾಡುವವರಿಗೆ ಈ ಚಿತ್ರ ತಂದಿಟ್ಟ ಫಜೀತಿಯೂ ಇದೆ. ‘ಯು ಟರ್ನ್’ ಅನ್ನು ಹಾರರ್ ಎಂದು ಕರೆದರೆ ಅರ್ಧ ಗುಟ್ಟು ಅಲ್ಲೇ ಬಯಲು. ‘ಆಪ್ತಮಿತ್ರ’ವನ್ನು ಹಾರರ್ ಅಲ್ಲ ಅಂದರೂ ಹಾಗೆಯೇ. ಶನಿವಾರ ರಾತ್ರಿಯ ಜಗಳಕ್ಕೆ ಅರ್ಧ ಕಾರಣ ಇದು: ಸರಿಯಾದ ಹಣೆಪಟ್ಟಿ ಹಚ್ಚಿದರೆ ಸಿನಿಮಾ ಕೆಡುತ್ತದೆ, ತಪ್ಪು ಹಚ್ಚಿದರೆ ನೋಡಿದವರು ಬೈಯುತ್ತಾರೆ.

ಆಮೇಲಿನ ವರ್ಷಗಳಲ್ಲಿ ಹಾರರ್ ಎಂದು ಹೇಳಿಕೊಂಡು ಸಣ್ಣ ಚಿತ್ರಗಳು ಬಂದವು. ಎಷ್ಟೋ ಒಂದು ಶುಕ್ರವಾರ ಬಂದು ಮುಂದಿನ ಶುಕ್ರವಾರಕ್ಕೆ ಮಾಯ. ಅವುಗಳಲ್ಲಿ ಒಂದೆರಡಕ್ಕೆ ಶಬ್ದದ ಕೆಲಸ ಎಷ್ಟು ಶ್ರದ್ಧೆಯಿಂದ ಮಾಡಿದ್ದರೆಂದರೆ, ಗೆಳೆಯರಿಗೆ ಹೇಳದೆ ಇರಲಾಗಲಿಲ್ಲ. ‘ಯಾವುದರಲ್ಲಿದೆ?’ ಎಂದು ಕೇಳಿದರು. ಹುಡುಕಿದೆ. ಯಾವ ಒಟಿಟಿಯಲ್ಲೂ ಇರಲಿಲ್ಲ. ಚಿತ್ರಮಂದಿರ ವಾರ ಕಾಯುವುದಿಲ್ಲ, ಒಟಿಟಿ ದೊಡ್ಡ ಹೆಸರು ಕೇಳುತ್ತದೆ, ಪ್ರೇಕ್ಷಕರು ‘ಆಮೇಲೆ ನೋಡೋಣ’ ಅನ್ನುತ್ತಾರೆ. ಮೂರೂ ಕಡೆ ಕಾರಣಗಳಿವೆ, ಚಿತ್ರ ಮಾತ್ರ ಇಲ್ಲ.

2025ರ ಜುಲೈನಲ್ಲಿ ‘ಸು ಫ್ರಮ್ ಸೋ’ ಬಂದು ಈ ಗೋಜಲಿಗೆ ಇನ್ನೊಂದು ಎಳೆ ಸೇರಿಸಿತು. ಜೆ.ಪಿ. ತುಮಿನಾಡ್ ಅವರ ಈ ಚಿತ್ರದಲ್ಲಿ ಸೋಮೇಶ್ವರದ ಸುಲೋಚನಾ ಎಂಬ ಪ್ರೇತ ಊರಿನ ಹುಡುಗನ ಮೈಮೇಲೆ ಬಂದಿದೆ ಎಂಬ ಸುದ್ದಿಯೇ ಕಥೆ. ಚಿತ್ರಮಂದಿರಗಳು ತುಂಬಿದವು, ಜನ ಬಿದ್ದು ಬಿದ್ದು ನಕ್ಕರು. ಹಾರರ್ ಪ್ರಿಯರು ಇದು ನಮ್ಮ ಪಟ್ಟಿಗೆ ಸೇರುತ್ತದೋ ಇಲ್ಲವೋ ಎಂದು ಇನ್ನೂ ವಾದಿಸುತ್ತಿದ್ದಾರೆ. ನನ್ನ ಕೇಳಿದರೆ ಸೇರುತ್ತದೆ. ಇಲ್ಲಿ ನಗುವನ್ನು ಹೊರಗಿನಿಂದ ತಂದು ಸುರಿದಿಲ್ಲ. ಒಂದು ಊರು ಹೆದರಿದಾಗ ಹೇಗೆ ಮಾತಾಡುತ್ತದೋ ಹಾಗೆ ಮಾತಾಡಿದ್ದರಿಂದಲೇ ನಗು ಬಂದಿದೆ. ನಲವತ್ತಾರು ವರ್ಷಗಳ ಬಳಿಕ ಮತ್ತೆ ಗಂಡಸಿನ ಮೈಮೇಲೆ ಹೆಣ್ಣು ಪ್ರೇತ, ಆದರೆ ಈ ಸಲ ನೋಡುವ ಕಣ್ಣೇ ಬೇರೆ.

ಈಗ ಯಾರಾದರೂ ಸಿನಿಮಾ ಹೇಳು ಅಂದರೆ ನಾನು ಮೊದಲು ಹೆಸರು ಹೇಳುವುದಿಲ್ಲ. ಯಾವ ಭಯ ಬೇಕು, ಯಾರ ಜೊತೆ ಕೂತು ನೋಡ್ತೀರಿ ಅಂತ ಕೇಳುತ್ತೇನೆ. ಮನೆಯಲ್ಲಿ ಹಿರಿಯರಿದ್ದರೆ ‘ನಾ ನಿನ್ನ ಬಿಡಲಾರೆ’. ಬೆಂಗಳೂರಿನಲ್ಲಿ ಬೈಕ್ ಓಡಿಸುವವರಿಗೆ ‘ಯು ಟರ್ನ್’, ಏನೂ ಓದದೆ. ಒಬ್ಬರೇ ಇದ್ದರೆ ‘6-5=2’, ಹೆಡ್‌ಫೋನ್ ಹಾಕಿಕೊಂಡು. ಹೋದ ತಿಂಗಳು ತಂಗಿಯ ಮಗ, ಹತ್ತನೇ ಕ್ಲಾಸಿನವನು, ಇದನ್ನೇ ಕೇಳಿದ. ಅವನಿಗೆ ಸಿನಿಮಾ ಹೇಳಲಿಲ್ಲ. ಲೈಟ್ ಆರಿಸಿ ‘ಗುಡ್ಡದ ಭೂತ’ದ ಹಾಡು ಹಾಕಿದೆ. ಅಡುಗೆಮನೆಯಿಂದ ತಂಗಿ ಕೂಗಿದಳು: ‘ಏಯ್, ಅದನ್ನ ನಿಲ್ಸೋ ಮೊದಲು.’

ಹುಡುಗ ಸೌಂಡ್ ಇನ್ನಷ್ಟು ಜಾಸ್ತಿ ಮಾಡಿದ.