ಗೊಬ್ಬರದ ಕಾರ್ಖಾನೆ ಮೊದಲು, ಲೇಔಟ್ ಆಮೇಲೆ: ಕೆಸಿಡಿಸಿಯ ಐವತ್ತು ವರ್ಷ

ಬೆಂಗಳೂರಿನ ಎಚ್‌ಎಸ್‌ಆರ್ ಲೇಔಟ್, ಸೋಮಸುಂದರಪಾಳ್ಯ ಕಡೆಯವರಿಗೆ ಕೆಸಿಡಿಸಿ ಅಂದರೆ ಮೊದಲು ನೆನಪಾಗುವುದು ವಾಸನೆ. ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮ ಅನ್ನುವ ಪೂರ್ತಿ ಹೆಸರು ಹೇಳುವವರು ಕಮ್ಮಿ. ವಾಸನೆ ವಿರುದ್ಧ ಅಲ್ಲಿನವರು ಬೀದಿಗಿಳಿದಿದ್ದಾರೆ, ಕೋರ್ಟು ಮೆಟ್ಟಿಲೂ ಹತ್ತಿದ್ದಾರೆ. ಆದರೆ ಈ ನಿಗಮ ಹುಟ್ಟಿದ್ದು 1975ರಲ್ಲಿ. ಆಗ ಅಲ್ಲಿ ಲೇಔಟೇ ಇರಲಿಲ್ಲ.

ಎಪ್ಪತ್ತರ ದಶಕದಲ್ಲಿ ಕೇಂದ್ರ ಸರ್ಕಾರ ದೊಡ್ಡ ಊರುಗಳ ಕಸವನ್ನು ಯಂತ್ರದಿಂದ ಗೊಬ್ಬರ ಮಾಡಿಸುವ ಯೋಜನೆ ತಂದಿತು. ದೇಶದಲ್ಲಿ ಹತ್ತಾರು ಘಟಕ ಎದ್ದವು, ಹೆಚ್ಚಿನವು ಕೆಲವೇ ವರ್ಷಕ್ಕೆ ಬಾಗಿಲು ಹಾಕಿದವು. ಬೆಂಗಳೂರಿನದು ಉಳಿದುಕೊಂಡಿತು. ಕೃಷಿ ಕೈಗಾರಿಕಾ ನಿಗಮ, ನಗರ ಪಾಲಿಕೆ, ಸಹಕಾರ ಮಾರಾಟ ಮಹಾಮಂಡಳ ಮೂರೂ ಪಾಲುದಾರರು. ಕಸ ಕೊಡುವವರು, ಗೊಬ್ಬರ ಮಾಡುವವರು, ರೈತರಿಗೆ ಮಾರುವವರು ಒಂದೇ ಕಡೆ. ಕಾಗದದ ಮೇಲೆ ಒಳ್ಳೆಯ ಲೆಕ್ಕಾಚಾರವೇ.

ಕೆಲಸ ನಡೆಯುವುದು ಹೀಗೆ. ಲಾರಿ ಸುರಿದ ಕಸವನ್ನು ಉದ್ದುದ್ದ ಗುಡ್ಡೆ ಮಾಡುತ್ತಾರೆ. ಸೂಕ್ಷ್ಮಜೀವಿ ಕೆಲಸ ಶುರುಮಾಡಿದರೆ ಒಳಗಿನ ಬಿಸಿ 55-60 ಡಿಗ್ರಿಗೂ ಏರುತ್ತದೆ. ಕೆದಕಿದರೆ ಹಬೆ ಏಳುತ್ತದೆ. ವಾರಕ್ಕೊಮ್ಮೆಯಾದರೂ ಮಗುಚಿ ಗಾಳಿ ಆಡಿಸಬೇಕು. ಗಾಳಿ ಆಡದಿದ್ದರೆ ಕೊಳೆತು ನಾರುತ್ತದೆ, ಕೆಳಗೆ ಕಪ್ಪು ರಾಡಿ ಇಳಿಯುತ್ತದೆ. ವಾರಗಳು ಕಳೆದು ಕಸ ಪಕ್ವವಾದ ಮೇಲೆ ಒಂದೊಂದೇ ಜರಡಿ ಹಿಡಿಯುತ್ತಾರೆ, ಕೊನೆಯದರ ಕಣ್ಣು ಕೆಲವೇ ಮಿಲಿಮೀಟರ್. ಇಷ್ಟು ಮಾಡಿದರೂ ಗಾಜಿನ ಚೂರು, ಪ್ಲಾಸ್ಟಿಕ್ ಪುಡಿ ನುಸುಳಿಬಿಡುತ್ತವೆ. ಬರಿಗಾಲಲ್ಲಿ ಗದ್ದೆಗಿಳಿಯುವ ರೈತ ಅಂಥ ಗೊಬ್ಬರ ಯಾಕೆ ಕೊಂಡಾನು, ಹೇಳಿ?

ನನ್ನ ಪ್ರಕಾರ ಕೆಸಿಡಿಸಿಯ ತೊಂದರೆಯ ಬೇರು ಯಂತ್ರದಲ್ಲಿಲ್ಲ, ಗೇಟಿನಲ್ಲಿದೆ. 1975ರ ಕಸದಲ್ಲಿ ಸೊಪ್ಪು-ಸದೆ, ಬೂದಿ, ಮಣ್ಣು ಜಾಸ್ತಿ. ಆಮೇಲೆ ಕವರು, ಡೈಪರು, ಬಲ್ಬು ಎಲ್ಲ ಒಂದೇ ತೊಟ್ಟಿಗೆ ಬಿದ್ದವು. 1996ರಲ್ಲಿ ಪರಿಸರ ಹೋರಾಟಗಾರ್ತಿ ಅಲ್ಮಿತ್ರಾ ಪಟೇಲ್ ಊರುಗಳ ಕಸದ ಅವ್ಯವಸ್ಥೆ ಕುರಿತು ಸುಪ್ರೀಂ ಕೋರ್ಟಿಗೆ ಹೋದರು. ಅದರಿಂದಲೇ 2000ದ ಘನತ್ಯಾಜ್ಯ ನಿಯಮ ಬಂತು. ನಿಯಮ ಬಂತು ಅಷ್ಟೇ, ಕಸ ಮಿಶ್ರವಾಗಿಯೇ ಬರುತ್ತಿತ್ತು.

ಗೊಬ್ಬರವಾಗದೆ ಉಳಿದ ಕಸವನ್ನೆಲ್ಲ ಪಾಲಿಕೆ ಸುತ್ತಲಿನ ಹಳ್ಳಿಗಳಿಗೆ ಸಾಗಿಸಿತು. ಮಾವಳ್ಳಿಪುರದವರು ತಿರುಗಿಬಿದ್ದರು, 2012ರಲ್ಲಿ ಅಲ್ಲಿ ಸುರಿಯುವುದು ನಿಂತಿತು. ಬೆಂಗಳೂರಿನ ಬೀದಿಗಳಲ್ಲೇ ಕಸ ರಾಶಿ ಬಿತ್ತು. ಆಮೇಲೆ ಮಂಡೂರು, 2014ರ ಕೊನೆಗೆ ಅದೂ ಬಂದ್. ಗತಿಯಿಲ್ಲದೆ ಕನ್ನಹಳ್ಳಿ, ಸೀಗೇಹಳ್ಳಿ, ಲಿಂಗಧೀರನಹಳ್ಳಿ, ಚಿಕ್ಕನಾಗಮಂಗಲ ಮುಂತಾದ ಕಡೆ ಹೊಸ ಘಟಕ ತೆರೆದರು, ಕೆಸಿಡಿಸಿ ಮೇಲಿನ ಹೊರೆಯೂ ಹೆಚ್ಚಿತು. ಲಿಂಗಧೀರನಹಳ್ಳಿಯಲ್ಲಿ, ಚಿಕ್ಕನಾಗಮಂಗಲದಲ್ಲಿ ಮತ್ತದೇ ವಾಸನೆ, ಮತ್ತದೇ ಧರಣಿ.

ಮನೆಯಲ್ಲೇ ಕಸ ಬೇರೆ ಮಾಡಿ ಅಂತ ಹೈಕೋರ್ಟ್ 2012ರಲ್ಲೇ ಹೇಳಿತ್ತು. 2015ರ ಡಿಸೆಂಬರಿನಲ್ಲಿ ‘ಎರಡು ಬುಟ್ಟಿ, ಒಂದು ಚೀಲ’ ಅಂತ ಬಿಡಿಸಿ ಹೇಳಿತು: ಹಸಿ ಕಸಕ್ಕೊಂದು ಬುಟ್ಟಿ, ಡೈಪರಿನಂಥದ್ದಕ್ಕೆ ಇನ್ನೊಂದು, ಒಣ ಕಸಕ್ಕೆ ಚೀಲ. ಒಣ ಕಸ ಸಂಗ್ರಹ ಕೇಂದ್ರಗಳು ವಾರ್ಡುಗಳಿಗೆ ಬಂದವು, ಚಿಂದಿ ಆಯುತ್ತಿದ್ದವರೇ ಕೆಲವನ್ನು ನಡೆಸತೊಡಗಿದರು. ಇಡೀ ಕಥೆಯಲ್ಲಿ ನನಗೆ ನಿಜವಾಗಿ ಇಷ್ಟವಾಗುವ ಭಾಗ ಇದು. 2016ರಲ್ಲಿ ಕೇಂದ್ರ ಸರ್ಕಾರ ನಗರದ ಗೊಬ್ಬರಕ್ಕೆ ಟನ್ನಿಗೆ 1,500 ರೂಪಾಯಿ ನೆರವು ಘೋಷಿಸಿತು. ರಿಯಾಯಿತಿ ಯೂರಿಯಾದ ಎದುರು ಗೊಬ್ಬರ ನಿಲ್ಲಲು ಅಷ್ಟು ಸಾಲುತ್ತಾ ಅನ್ನುವುದು ಬೇರೆ ಮಾತು.

2021ರಲ್ಲಿ ಸರ್ಕಾರ ನಗರದ ಕಸಕ್ಕೆಂದೇ ಬೆಂಗಳೂರು ಘನತ್ಯಾಜ್ಯ ನಿರ್ವಹಣಾ ನಿಯಮಿತ ಅನ್ನುವ ಕಂಪನಿ ಮಾಡಿತು. ಬಿಡದಿಯಲ್ಲಿ ಕಸ ಸುಟ್ಟು 11.5 ಮೆಗಾವಾಟ್ ವಿದ್ಯುತ್ ತೆಗೆಯುವ ಸ್ಥಾವರವೂ ಬಂತು. ಸುಡುವುದಕ್ಕೆ ಒಣ ಕಸ ಬೇಕು, ಗೊಬ್ಬರಕ್ಕೆ ಹಸಿ ಕಸ ಬೇಕು. ಎರಡೂ ಕಲೆತ ಲಾರಿ ಬಂದರೆ ಬಿಡದಿಗೂ ಕಷ್ಟ, ಕೆಸಿಡಿಸಿಗೂ ಕಷ್ಟ.